ಸ್ಪಂಜು ಬೆಳ್ಳಗಾದ ದಿನ

ಹಿಂಡಿದರೆ ಸ್ಪಂಜಿನಿಂದ ಕಾಫಿ ಡಿಕಾಕ್ಷನ್ನಿನ ಬಣ್ಣದ ನೀರು ಇಳಿಯುತ್ತಿತ್ತು. ಮುಟ್ಟಿದರೆ ಲೋಳೆ. ಭಾನುವಾರ ಬೆಳಿಗ್ಗೆ ಬಚ್ಚಲುಮನೆಯ ನಲ್ಲಿಯನ್ನು ಪೂರ್ತಿ ತಿರುಗಿಸಿ, ಲೋಳೆಯೆಲ್ಲ ಹೋಗುವ ತನಕ ಉಜ್ಜಿ ಉಜ್ಜಿ ತೊಳೆದೆ. ಫಿಲ್ಟರಿನೊಳಗಿದ್ದ ಸೆರಾಮಿಕ್ ರಿಂಗುಗಳನ್ನು ಬಿಸಿನೀರಲ್ಲಿ ಅದ್ದಿ ತೆಗೆದೆ. ಎರಡನ್ನೂ ತಾರಸಿಯ ಬಿಸಿಲಲ್ಲಿ ಒಣಗಿಸಿ, ಊಟ ಮುಗಿದ ಮೇಲೆ ಮತ್ತೆ ಜೋಡಿಸಿದೆ. ವಾರಕ್ಕೊಮ್ಮೆ ಚೆನ್ನಾಗಿ ತೊಳೆಯಿರಿ ಎಂದು ಅಂಗಡಿಯಲ್ಲಿ ಹೇಳಿದ್ದರು. ಟ್ಯಾಂಕ್ ತಂದು ಅಂದಿಗೆ ಹದಿನೇಳು ದಿನ. ಬುಧವಾರ ಬೆಳಿಗ್ಗೆ ನೋಡಿದರೆ ನಾಲ್ಕೂ ಗೋಲ್ಡ್‌ಫಿಷ್‌ಗಳು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚಿ ಏದುಸಿರು ಬಿಡುತ್ತಿವೆ. ಸಂಜೆ ನಾನು ಶಾಲೆಯಿಂದ ಬರುವಷ್ಟರಲ್ಲಿ ಎರಡು ಸತ್ತಿದ್ದವು. ಮಗಳು ಅವನ್ನು ದಾಸವಾಳದ ಗಿಡದ ಬುಡದಲ್ಲಿ ಹೂತು ಬಂದು, ರಾತ್ರಿ ಊಟ ಬೇಡವೆಂದು ಮಲಗಿದಳು.

ನಾನು ಮೈಸೂರಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಸಾರಜನಕದ ಚಕ್ರವನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬಿಡಿಸುತ್ತೇನೆ. ಅದೇ ಚಕ್ರ ನಮ್ಮ ಹಜಾರದ ಗಾಜಿನ ಪೆಟ್ಟಿಗೆಯೊಳಗೆ, ಅಂಗೈಯಗಲದ ಸ್ಪಂಜಿನ ಮೇಲೆ ತಿರುಗುತ್ತಿತ್ತು. ಅದನ್ನು ನಾನೇ ನಲ್ಲಿ ನೀರಿನಲ್ಲಿ ಕೊಚ್ಚಿ ಕಳಿಸಿದ್ದೆ. ಹೊಸದಾಗಿ ಅಕ್ವೇರಿಯಂ ತರುವ ಮನೆಗಳಲ್ಲಿ ಇದು ಮತ್ತೆ ಮತ್ತೆ ನಡೆಯುವುದನ್ನು ಕಂಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೀನಿನ ಮೈಯಿಂದ ಅಮೋನಿಯಾ ಸದಾ ಹೊರಬೀಳುತ್ತಿರುತ್ತದೆ, ಬಹುಪಾಲು ಕಿವಿರುಗಳ ಮೂಲಕವೇ. ತಿನ್ನದೆ ಉಳಿದ ಆಹಾರ, ಹಿಕ್ಕೆ ಕೊಳೆತಾಗಲೂ ಅಮೋನಿಯಾ ಬರುತ್ತದೆ. ಕೆರೆಯಲ್ಲಾದರೆ ಅದು ಅಷ್ಟು ನೀರಿನಲ್ಲಿ ಕರಗಿ ಹೋಗುತ್ತದೆ. ನಮ್ಮದು ಎರಡಡಿ ಉದ್ದದ, ಸುಮಾರು 50 ಲೀಟರ್ ಹಿಡಿಯುವ ಟ್ಯಾಂಕ್. ಅದರಲ್ಲಿ ನಾಲ್ಕು ಗೋಲ್ಡ್‌ಫಿಷ್ ಎಂದರೆ ಈಗ ಯೋಚಿಸಿದಾಗ ತೀರಾ ಹೆಚ್ಚು. ಅಮೋನಿಯಾ ಎಷ್ಟು ವಿಷ ಎನ್ನುವುದು ನೀರಿನ ಗುಣದ ಮೇಲೂ ನಿಂತಿದೆ. 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಇದ್ದರೆ ಅದರಲ್ಲಿ ಶೇಕಡಾ 1ಕ್ಕಿಂತ ಕಡಿಮೆ ಪಾಲು ವಿಷರೂಪದಲ್ಲಿರುತ್ತದೆ. ಪಿಎಚ್ 8 ಆದರೆ ಆ ಪಾಲು ಸುಮಾರು ಶೇಕಡಾ 5ಕ್ಕೆ ಏರುತ್ತದೆ. ಗಡಸು ಬೋರ್‌ವೆಲ್ ನೀರು ತುಂಬಿಸುವವರು ಇದನ್ನು ನೆನಪಿಡಬೇಕು.

ಈ ವಿಷವನ್ನು ತಿಂದು ಬದುಕುವ ಬ್ಯಾಕ್ಟೀರಿಯಾಗಳಿವೆ. ನೈಟ್ರೊಸೊಮೊನಾಸ್‌ನಂಥವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ನೈಟ್ರೈಟ್ ಕೂಡ ವಿಷವೇ. ರಕ್ತ ಸೇರಿದರೆ ರಕ್ತ ಕಂದಾಗುತ್ತದೆ, ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಳ್ಳುತ್ತದೆ. ಇನ್ನೊಂದು ಗುಂಪು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಅದನ್ನು ಮೀನುಗಳು ಸಾಕಷ್ಟು ತಾಳಿಕೊಳ್ಳುತ್ತವೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಹತೋಟಿಯಲ್ಲಿರುತ್ತದೆ. ಈ ಎರಡು ಹಂತಗಳು ಬೇರೆ ಬೇರೆ ಬ್ಯಾಕ್ಟೀರಿಯಾಗಳ ಕೆಲಸವೆಂದು 1890ರ ಸುಮಾರಿಗೆ ತೋರಿಸಿದವರು ವಿಜ್ಞಾನಿ ಸೆರ್ಗೈ ವಿನೋಗ್ರಾಡ್‌ಸ್ಕಿ. ಎರಡನೆಯ ಹಂತ ನೈಟ್ರೊಬ್ಯಾಕ್ಟರ್‌ನದ್ದೆಂದೇ ನಾವು ಓದಿದ್ದು. ಸಿಹಿನೀರಿನ ಅಕ್ವೇರಿಯಂಗಳಲ್ಲಿ ಆ ಕೆಲಸ ಮಾಡುವುದು ನೈಟ್ರೊಸ್ಪೈರಾ ಜಾತಿಯವೆಂದು 1998ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. 2015ರಲ್ಲಿ ಇನ್ನೂ ದೊಡ್ಡ ಅಚ್ಚರಿ: ಎರಡೂ ಹಂತವನ್ನು ಒಂದೇ ಜೀವಿ ಮುಗಿಸುವ ನೈಟ್ರೊಸ್ಪೈರಾಗಳೂ ಇವೆ! ಅವು ಸಿಕ್ಕ ಜಾಗಗಳಲ್ಲಿ ಒಂದು, ಮೀನು ಸಾಕುವ ಘಟಕವೊಂದರ ಫಿಲ್ಟರ್. ಇದನ್ನು ಓದಿದ ದಿನ ನಮ್ಮ ಸ್ಪಂಜನ್ನು ನೋಡುವ ನನ್ನ ಕಣ್ಣೇ ಬದಲಾಯಿತು.

ಇವು ನೀರಿನಲ್ಲಿ ತೇಲಾಡಿಕೊಂಡಿರುವುದು ಕಡಿಮೆ. ಯಾವುದಾದರೂ ಮೇಲ್ಮೈಗೆ ಅಂಟಿ, ಲೋಳೆ ಹೊದ್ದು, ಆಮ್ಲಜನಕವಿರುವ ನೀರು ಮೇಲೆ ಹರಿಯುತ್ತಿದ್ದರೆ ಚೆನ್ನಾಗಿ ಬಾಳುತ್ತವೆ. ಸ್ಪಂಜಿನ ತೂತು, ಸೆರಾಮಿಕ್ ರಿಂಗಿನ ಸಂದುಗೊಂದು ಅವುಗಳ ಮನೆ. ಬೆಳವಣಿಗೆ ಮಾತ್ರ ಬಹಳ ನಿಧಾನ. ನಮ್ಮ ಕರುಳಿನ ಇ-ಕೊಲೈ ಒಳ್ಳೆಯ ಆಹಾರ ಸಿಕ್ಕರೆ 20 ನಿಮಿಷಕ್ಕೆ ಇಮ್ಮಡಿಯಾಗುತ್ತದೆ. ಇವಕ್ಕೆ ಎಷ್ಟೋ ಗಂಟೆ, ಕೆಲವೊಮ್ಮೆ ದಿನವೇ ಬೇಕು. ಹಾಗಾಗಿ ಹೊಸ ಟ್ಯಾಂಕ್ ಹದಕ್ಕೆ ಬರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಹದಿನೇಳನೆಯ ದಿನ ಅವು ಆಗಷ್ಟೇ ನೆಲೆಯೂರುತ್ತಿದ್ದವು. ಸೂಕ್ಷ್ಮಜೀವಿಗಳನ್ನು ಕೊಲ್ಲಲೆಂದೇ ಕ್ಲೋರಿನ್ ಬೆರೆಸಿದ ನಲ್ಲಿ ನೀರು, ಮೇಲೆ ಬಿಸಿನೀರು, ಅದರ ಮೇಲೆ ಬಿಸಿಲು. ಉಳಿಯುವುದೆಲ್ಲಿ?

ನನ್ನ ಅಜ್ಜನ ಮನೆ ಶಿರಸಿಯ ಕಡೆ. ಅಲ್ಲಿ ಗೋಬರ್ ಗ್ಯಾಸಿನ ಒಲೆ. ಒಮ್ಮೆ ಕೊಟ್ಟಿಗೆಯನ್ನು ಯಾರೋ ಫಿನೈಲ್ ಹಾಕಿ ತೊಳೆದು, ಆ ನೀರೆಲ್ಲ ಗ್ಯಾಸಿನ ಗುಂಡಿಗೆ ಹರಿಯಿತು. ದಿನದಿಂದ ದಿನಕ್ಕೆ ಉರಿ ಸಣ್ಣಗಾಗಿ ಒಲೆ ಆರಿಹೋಯಿತು. ಅಜ್ಜ ಪಕ್ಕದ ಮನೆಯ ಗುಂಡಿಯಿಂದ ಕೊಡಗಟ್ಟಲೆ ಸ್ಲರಿ ಹೊತ್ತು ತಂದು ಸುರಿದ. ಗುಂಡಿಯಲ್ಲಿರುವುದು ಬರೀ ಸಗಣಿಯಲ್ಲ, ಒಳಗೆ ಜೀವ ಇದೆ ಎಂದು ಮಲೆನಾಡಿನ ಆ ಮನೆಗಳಲ್ಲಿ ಎಲ್ಲರಿಗೂ ಗೊತ್ತು.

ಸ್ಪಂಜಿನ ವಿಷಯದಲ್ಲಿ ನನಗೆ ಪಕ್ಕದ ಮನೆಯ ಗುಂಡಿಯಾಗಿ ಒದಗಿದವರು ಹಿಂದಿನ ರಸ್ತೆಯ ಹಿರಿಯರೊಬ್ಬರು. ಮೂವತ್ತು ವರ್ಷದಿಂದ ಮೀನು ಸಾಕಿದವರು. ಬುಧವಾರ ರಾತ್ರಿಯೇ ಅವರ ಬಾಗಿಲು ತಟ್ಟಿದೆ.

“ಸ್ಪಂಜು ತೊಳೆದ್ರೇನಮ್ಮಾ?”

“ತೊಳೆದೆ ಅಂಕಲ್, ಭಾನುವಾರ.”

“ಯಾವ ನೀರಲ್ಲಿ?”

“ನಲ್ಲಿ ನೀರಲ್ಲಿ.”

ಅವರು ಮುಂದೇನೂ ಕೇಳಲಿಲ್ಲ. ತಮ್ಮ ಟ್ಯಾಂಕಿನ ಫಿಲ್ಟರ್ ಬಿಚ್ಚಿ, ಕಂದುಗಟ್ಟಿದ ಸ್ಪಂಜನ್ನು ಕತ್ತರಿಯಿಂದ ಅರ್ಧ ಮಾಡಿ, ಅದೇ ಟ್ಯಾಂಕಿನ ನೀರಿನೊಂದಿಗೆ ಕವರಿಗೆ ಹಾಕಿ ಕೈಗಿತ್ತರು. “ಒಣಗೋಕೆ ಬಿಡ್ಬೇಡಿ. ಹೋದ ತಕ್ಷಣ ನಿಮ್ಮ ಫಿಲ್ಟರ್‌ಗೆ ತುರುಕಿ.” ಜೊತೆಗೆ ಅಮೋನಿಯಾ ಪರೀಕ್ಷೆಯ ಬಾಟಲಿಗಳನ್ನೂ ಕೊಟ್ಟರು. ನಳಿಗೆಯಲ್ಲಿ ನೀರು ತೆಗೆದು ಹನಿ ಹಾಕಿ ಐದು ನಿಮಿಷ ಕಾದರೆ, ಹಳದಿ ಉಳಿದರೆ ಅಮೋನಿಯಾ ಇಲ್ಲ. ನಮ್ಮದು ಕಡು ಹಸಿರಾಯಿತು. (ಸ್ಪಂಜು ಇಸಿದುಕೊಳ್ಳುವುದಾದರೆ ಆರೋಗ್ಯದ ಮೀನುಗಳಿರುವ ಟ್ಯಾಂಕಿನದೇ ಆಗಬೇಕು. ಇಲ್ಲದಿದ್ದರೆ ರೋಗವೂ ಜೊತೆಗೆ ಬರುತ್ತದೆ.)

ಆಮೇಲಿನ ದಿನಗಳಲ್ಲಿ ನಿತ್ಯವೂ ಮೂರನೇ ಒಂದು ಭಾಗ ನೀರು ಬದಲಿಸಿದೆ. ನಲ್ಲಿ ನೀರನ್ನು ಅಗಲ ಬಾಯಿಯ ಟಬ್ಬಿನಲ್ಲಿ ಒಂದು ದಿನ ಬಿಟ್ಟು ಕ್ಲೋರಿನ್ ಹಾರಿದ ಮೇಲೆ ಹಾಕುವುದು, ಅವಸರವಿದ್ದರೆ ಆಂಟಿ ಕ್ಲೋರಿನ್ ಹನಿ ಬೆರೆಸುವುದು. ಆಹಾರ ದಿನ ಬಿಟ್ಟು ದಿನ, ಚಿಟಿಕೆಯಷ್ಟೇ. ಒಂಬತ್ತನೆಯ ದಿನ ಅಮೋನಿಯಾ ಇಳಿಯಿತು, ನೈಟ್ರೈಟ್ ಏರಿತು. ಅಂಕಲ್ ಹೇಳಿದಂತೆ ಸ್ವಲ್ಪ ಕಲ್ಲುಪ್ಪು ಕರಗಿಸಿ ಹಾಕಿದೆ; ಉಪ್ಪಿನ ಕ್ಲೋರೈಡ್ ಇದ್ದರೆ ನೈಟ್ರೈಟ್ ಕಿವಿರಿನ ಮೂಲಕ ಒಳಹೋಗುವುದು ತಗ್ಗುತ್ತದೆ. ಐದನೆಯ ವಾರ ಎರಡೂ ಸೊನ್ನೆಗೆ ಬಂದವು. ಉಳಿದ ಎರಡು ಮೀನು ಬದುಕಿದವು.

ಈಗ ನಮ್ಮ ಮನೆಯಲ್ಲಿ ಸ್ಪಂಜಿಗೆ ನಲ್ಲಿ ನೀರು ಸೋಕುವುದಿಲ್ಲ. ನೀರು ಬದಲಿಸುವ ದಿನ ಟ್ಯಾಂಕಿನಿಂದ ಪೈಪಿನಲ್ಲಿ ಎಳೆದ ಹಳೆಯ ನೀರು ಬಕೆಟ್ಟಿನಲ್ಲಿರುತ್ತದಲ್ಲ, ಅದರಲ್ಲೇ ಸ್ಪಂಜನ್ನು ಎರಡು ಮೂರು ಸಲ ಮೆಲ್ಲಗೆ ಹಿಂಡಿ ತೆಗೆಯುವುದು. ಸಡಿಲ ಕೊಳೆ ಹೋಗುತ್ತದೆ, ಅಂಟಿದ ಲೋಳೆ ಉಳಿಯುತ್ತದೆ. ಸ್ಪಂಜು ಕಂದಾಗಿಯೇ ಇರುತ್ತದೆ, ಇರಬೇಕು. ಹೀಗೆ ಹಿಂಡುವುದೂ ಫಿಲ್ಟರಿನ ನೀರಿನ ಸೆಳೆತ ಕಡಿಮೆಯಾದರೆ ಮಾತ್ರ. ಮೊದಲ ಆರು ವಾರ ಸೆಳೆತ ಚೆನ್ನಾಗಿದ್ದರೆ ಮುಟ್ಟದಿರುವುದೇ ಮೇಲು. ಹೊಸ ಟ್ಯಾಂಕಿನ ನೀರು ಮೊದಲ ವಾರಗಳಲ್ಲಿ ಹಾಲು ಬೆರೆಸಿದಂತೆ ಮಸುಕಾಗುವುದುಂಟು. ಅದು ಬೇರೆ ಬ್ಯಾಕ್ಟೀರಿಯಾಗಳ ಮೇಲಾಟ, ಸಾಮಾನ್ಯವಾಗಿ ತಾನೇ ತಿಳಿಯಾಗುತ್ತದೆ. ಅದಕ್ಕೆ ಹೆದರಿ ಎಲ್ಲವನ್ನೂ ಬಿಚ್ಚಿ ತೊಳೆಯಬಾರದು.

ಫಿಲ್ಟರಿನೊಳಗೆ ನೀರು ಮೊದಲು ಸ್ಪಂಜು, ಆಮೇಲೆ ಬಿಳಿ ಹತ್ತಿ, ಕೊನೆಗೆ ರಿಂಗು ಹೀಗೆ ಹಾಯಬೇಕು. ಕಸ ಮುಂದೆಯೇ ನಿಂತರೆ ರಿಂಗಿನ ಸಂದುಗಳು ಕಟ್ಟಿಕೊಳ್ಳುವುದಿಲ್ಲ. ಟ್ಯಾಂಕ್ ಹದಕ್ಕೆ ಬಂದ ಮೇಲೆ ಹತ್ತಿ ಕೊಳೆಯಾದರೆ ಬಿಸಾಡಬಹುದು. ರಿಂಗುಗಳು ವರ್ಷಾನುಗಟ್ಟಲೆ ಬಾಳುತ್ತವೆ. ಸ್ಪಂಜು ಹರಿದು ಹೊಸದು ಬೇಕಾದರೆ ಹಳೆಯದರ ಜೊತೆ ಒಂದು ತಿಂಗಳು ಇಟ್ಟು ಆಮೇಲೆ ಹಳೆಯದನ್ನು ತೆಗೆಯಬೇಕು. “ತಿಂಗಳಿಗೊಮ್ಮೆ ಬದಲಿಸಿ” ಎಂಬ ಮಾತು ಆಕ್ಟಿವೇಟೆಡ್ ಕಾರ್ಬನ್ನಿಗೆ ಸರಿ. ಅದರ ಹೀರುವ ಶಕ್ತಿ ಕೆಲವು ವಾರಗಳಲ್ಲಿ ಮುಗಿಯುತ್ತದೆ. ಅದೇ ಮಾತನ್ನು ಇಡೀ ಫಿಲ್ಟರಿಗೆ ಅನ್ವಯಿಸಿದರೆ ಪ್ರತಿ ತಿಂಗಳೂ ಟ್ಯಾಂಕ್ ಮೊದಲ ದಿನಕ್ಕೆ ಮರಳುತ್ತದೆ. ಮೀನು ಕಾಯಿಲೆಬಿದ್ದಾಗ ಅಂಗಡಿಯಲ್ಲಿ ಕೊಡುವ ಮಿಥಿಲೀನ್ ಬ್ಲೂ ಎಂಬ ನೀಲಿ ಔಷಧ ಈ ಬ್ಯಾಕ್ಟೀರಿಯಾಗಳಿಗೂ ಕುತ್ತು. ಕಾಯಿಲೆಯ ಮೀನನ್ನು ಬೇರೆ ಡಬ್ಬಕ್ಕೆ ಹಾಕಿಯೇ ಅದನ್ನು ಕೊಡಬೇಕು.

ಇನ್ನೊಂದು, ರಾತ್ರಿ ಫಿಲ್ಟರ್ ಆರಿಸುವ ಅಭ್ಯಾಸ. “ಎಲ್ಲರೂ ಮಲಗಿದ ಮೇಲೆ ಅದ್ಯಾಕೆ ಸುಮ್ನೆ ಓಡ್ಬೇಕು?” ಎಂದು ನಮ್ಮ ಅತ್ತೆ ದಿನವೂ ಸ್ವಿಚ್ ಆಫ್ ಮಾಡುತ್ತಿದ್ದರು. ಹರಿಯುವ ನೀರು ನಿಂತರೆ ಸ್ಪಂಜಿನೊಳಗಿನ ಜೀವಿಗಳಿಗೆ ಆಮ್ಲಜನಕ ನಿಂತಂತೆ. ನಮ್ಮದು 5 ವಾಟಿನ ಫಿಲ್ಟರ್, ಹಗಲೂ ರಾತ್ರಿ ಓಡಿದರೂ ತಿಂಗಳಿಗೆ 3.6 ಯೂನಿಟ್. ಲೆಕ್ಕ ಬರೆದು ತೋರಿಸಿದೆ. ಅತ್ತೆ ಆಮೇಲೆ ಮುಟ್ಟಲಿಲ್ಲ. ಮುಚ್ಚಿದ ಡಬ್ಬದಂಥ ಕ್ಯಾನಿಸ್ಟರ್ ಫಿಲ್ಟರ್ ಇರುವವರು ಬಹಳ ಹೊತ್ತು ಕರೆಂಟ್ ಹೋಗಿದ್ದರೆ, ಅದರೊಳಗೆ ನಿಂತ ನಾರುವ ನೀರನ್ನು ಚೆಲ್ಲಿಯೇ ಮತ್ತೆ ಚಾಲೂ ಮಾಡಬೇಕು.

ಗೋಲ್ಡ್‌ಫಿಷ್ ಬೆಳೆಯುತ್ತಲೇ ಹೋಗುವ ಮೀನು. ಕಳೆದ ದಸರಾ ರಜೆಯಲ್ಲಿ ಎರಡಕ್ಕೂ ಮೂರಡಿಯ ಟ್ಯಾಂಕ್ ತಂದೆವು. ಹೊಸ ಫಿಲ್ಟರಿನಲ್ಲಿ ಹಳೆಯ ಸ್ಪಂಜು, ಹಳೆಯ ರಿಂಗುಗಳನ್ನು ಒದ್ದೆಯಾಗಿದ್ದಂತೆಯೇ ತುಂಬಿ, ಅದೇ ಮಧ್ಯಾಹ್ನ ಮೀನುಗಳನ್ನು ಬಿಟ್ಟೆವು. ಮೊದಲ ವಾರ ಮಗಳು ದಿನವೂ ಬೆಳಿಗ್ಗೆ ನಳಿಗೆಗೆ ಹನಿ ಹಾಕಿ, ಐದು ನಿಮಿಷ ಎಣಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಏಳೂ ದಿನ ಹಳದಿ.