ನಿಮಗಿದು ಗೊತ್ತೆ? ಮ್ಯಾಡ್ರಿಡ್‌ನಲ್ಲಿ ಗೆದ್ದ ನಮ್ಮ ಬಿರಾದಾರ್

ಭಿಕ್ಷುಕ, ಕುಡುಕ, ಊರಿನ ಬಡವ. ತೆರೆಯ ಮೇಲೆ ಬರುವುದು ಎರಡೇ ನಿಮಿಷ, ಆದರೆ ಆ ದೃಶ್ಯ ಪೂರ್ತಿ ಅವರದೇ! ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಮನೆಗಳಲ್ಲಿ ಟಿವಿಯಲ್ಲಿ ಹಳೆಯ ಸಿನಿಮಾ ಹಾಕಿದಾಗ ಹೆಸರು ಗೊತ್ತಿಲ್ಲದವರೂ ಈ ಮುಖವನ್ನು ಥಟ್ಟನೆ ಗುರುತಿಸುತ್ತಾರೆ. ಅವರೇ ಬೀದರ್ ಜಿಲ್ಲೆಯ ವೈಜನಾಥ ಬಿರಾದಾರ್.

ಇಂಥ ಚಿಕ್ಕ ಪಾತ್ರಗಳ ನಟನಿಗೆ ನಿರ್ದೇಶಕ ಗಿರೀಶ್ ಕಾಸರವಳ್ಳಿ 'ಕನಸೆಂಬೋ ಕುದುರೆಯನೇರಿ' (2010) ಚಿತ್ರದಲ್ಲಿ ನಾಯಕನ ಪಾತ್ರವನ್ನೇ ಕೊಟ್ಟರು. ಅಮರೇಶ ನುಗಡೋಣಿಯವರ 'ಸವಾರಿ' ಇದರ ಮೂಲ ಕಥೆ. ಕುಣಿ ತೋಡುವ ಇರ್ಯಾನ ಕನಸಿನಲ್ಲಿ ಸಿದ್ಧಪುರುಷ ಬಂದರೆ ಊರಲ್ಲಿ ಯಾರೋ ಸತ್ತರೆಂದೇ ಲೆಕ್ಕ. ಆದರೆ ಗೌಡರ ಮನೆಯವರು ತಮ್ಮ ಮನೆಯ ಸಾವನ್ನೇ ಮುಚ್ಚಿಡುತ್ತಾರೆ. ಕನಸು ಸುಳ್ಳಾಯಿತೆಂದು ಇರ್ಯಾ ಕುಸಿಯುವಾಗ ಬಿರಾದಾರ್ ಅಳುವುದಕ್ಕಿಂತ ಹೆಚ್ಚಾಗಿ ಕಂಗಾಲಾಗುತ್ತಾರೆ. ಅವರ ದೊಡ್ಡ ನಟನೆ ಇರುವುದು ಅಲ್ಲಿಯೇ. ಹೆಂಡತಿ ರುದ್ರಿಯಾಗಿ ಉಮಾಶ್ರೀ, ಬಿರಾದಾರ್ ಅವರಿಗೆ ಸರಿಸಮವಾಗಿ ನಿಂತಿದ್ದಾರೆ.

ಈ ಪಾತ್ರಕ್ಕೆ 2011ರಲ್ಲಿ ಸ್ಪೇನ್‌ನ ಮ್ಯಾಡ್ರಿಡ್‌ನಲ್ಲಿ ನಡೆದ 'ಇಮ್ಯಾಜಿನ್ ಇಂಡಿಯಾ' ಚಿತ್ರೋತ್ಸವದಲ್ಲಿ ಬಿರಾದಾರ್ ಅತ್ಯುತ್ತಮ ನಟ ಪ್ರಶಸ್ತಿ ಗೆದ್ದರು. 2023ರಲ್ಲಿ ತೆರೆಕಂಡ '90 ಹೊಡಿ ಮನೀಗ್ ನಡಿ' ಅವರ 500ನೇ ಚಿತ್ರ. ಅದರಲ್ಲೂ ಅವರೇ ನಾಯಕ.