ಹದ ಬರುವ ತನಕ

ಕರಿಹಲಗೆಯ ಮೇಲೆ ಕಂದಪದ್ಯವೊಂದಕ್ಕೆ ಪ್ರಸ್ತಾರ ಹಾಕಲೆಂದು ಕೈಯೆತ್ತಿದವನಿಗೆ, ಒಂದು ಬೆಳಗ್ಗೆ, ಬಲತೋಳು ಭುಜದ ಮಟ್ಟವನ್ನು ದಾಟಲೊಲ್ಲೆನೆಂದಿತು. ನಾನು ಯಾವುದೋ ಗಣವನ್ನು ಮರೆತೆನೆಂದು ಭಾವಿಸಿ ವಿದ್ಯಾರ್ಥಿಗಳು ಮರ್ಯಾದೆಯಿಂದ ಸುಮ್ಮನಿದ್ದರು. ವೈದ್ಯರು ನೋಡಿ, ಕೀಲಿನ ಸುತ್ತಲಿನ ಪೊರೆ ಬಿಗಿದಿದೆ, ಸಡಿಲವಾಗಲು ತಿಂಗಳುಗಳೇ ಬೇಕು, ವರ್ಷ ದಾಟಿದರೂ ಆಶ್ಚರ್ಯವಿಲ್ಲ ಎಂದರು. ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲಮೆಲ್ಲನೆ ಮೇಲಕ್ಕೆ ನಡೆಸುವ ಒಂದು ಸಣ್ಣ ವ್ಯಾಯಾಮವನ್ನೂ ಹೇಳಿಕೊಟ್ಟರು.

ನಲವತ್ತು ದಾಟಿದವನಿಗೆ ದೇಹದ ಮೇಲೆ ಯಜಮಾನಿಕೆಯ ಭಾವವೊಂದು ಬೆಳೆದಿರುತ್ತದೆ. ಹೇಳಿದಂತೆ ಕೇಳುವ ಹಳೆಯ ಆಳೆಂದೇ ಅದನ್ನು ಎಣಿಸಿರುತ್ತಾನೆ. ನಾನು ಗೋಡೆಗೆ ಪೆನ್ಸಿಲಿನ ಗೆರೆ ಹಾಕಿ, ನಿನ್ನೆಗಿಂತ ಇಂದು ಮೇಲೇರಲೇಬೇಕೆಂದು ಹಟ ಹಿಡಿದೆ. ಹತ್ತು ದಿನದಲ್ಲಿ ಏಳು ಗೆರೆ ಏರಿತು. ಹನ್ನೊಂದನೆಯ ದಿನ ಬಲವಂತದಿಂದ ಎಳೆದ ತೋಳು ಮೂರು ವಾರ ನಿದ್ದೆಗೊಡಲಿಲ್ಲ. ಕೈ ಮೊದಲನೆಯ ಗೆರೆಗಿಂತಲೂ ಕೆಳಗೆ ನಿಂತಿತು.

ಆ ರಜೆಯಲ್ಲಿ ಬಿಡದಿಯ ಸಮೀಪದ ಬೈರಮಂಗಲಕ್ಕೆ, ಸೋದರತ್ತೆಯ ಮನೆಗೆ ಹೋದೆ. ಅದು ರೇಷ್ಮೆ ಹುಳು ಸಾಕುವ ಮನೆ. ಹಿಪ್ಪುನೇರಳೆ ಸೊಪ್ಪಿನ ಹೊರೆ ಒದ್ದೆ ಗೋಣಿಯ ಕೆಳಗೆ ಕಾದಿತ್ತು. ತಟ್ಟೆಗಳಲ್ಲಿ ಮಾತ್ರ ಒಂದೆಲೆಯೂ ಇಲ್ಲ. ಸಾವಿರಾರು ಹುಳುಗಳು ತಲೆಯೆತ್ತಿ, ಅಲುಗದೆ, ಧ್ಯಾನಸ್ಥರಂತೆ ಕುಳಿತಿದ್ದವು.

“ಯಾಕತ್ತೆ, ಸೊಪ್ಪು ಹಾಕಲಿಲ್ಲವೇ?”

“ಜ್ವರಕ್ಕೆ ಕುಂತವೆ ಕಣಪ್ಪ. ಈಗ ಹಾಕುದ್ರೆ ಎದ್ದಿರೋವು ತಿಂತವೆ, ಏಳ್ದಿರೋವು ಸೊಪ್ಪಿನಡಿ ಹೂತೋಯ್ತವೆ. ಎಲ್ಲಾ ಏಳ್ಲಿ.”

ಹುಳು ತನ್ನ ಸುಮಾರು 25 ದಿನಗಳ ಬಾಳಿನಲ್ಲಿ 4 ಬಾರಿ ಪೊರೆ ಕಳಚುತ್ತದೆ. ಆ ಅವಸ್ಥೆಗೆ ನಮ್ಮ ರೈತರು ಕೊಟ್ಟ ಹೆಸರು ಜ್ವರ. ಹೆಚ್ಚುಕಡಮೆ ಒಂದು ಹಗಲು ಒಂದು ರಾತ್ರಿ ಅದು ತಿನ್ನದು, ನಡೆಯದು. ನೋಡುವವರಿಗೆ ಸೋಮಾರಿತನ; ಒಳಗೆ ಮಾತ್ರ ಹಳೆಯ ಚರ್ಮದಡಿ ಹೊಸ ಚರ್ಮ ಸಿದ್ಧವಾಗುತ್ತಿರುತ್ತದೆ. ಆಗ ಕಲಕಿದರೆ ಪೊರೆ ಸರಿಯಾಗಿ ಬಿಡದೆ ಹುಳು ಸಾಯುವುದುಂಟು. ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಸುಮಾರು ಒಂದು ವಾರದಲ್ಲಿ ಅದು ತಿನ್ನುವ ಸೊಪ್ಪು, ಹಿಂದಿನ ದಿನಗಳಲ್ಲೆಲ್ಲ ತಿಂದುದಕ್ಕಿಂತ ಎಷ್ಟೋ ಪಾಲು ಹೆಚ್ಚು. ರಾಮನಗರದ ಮಾರುಕಟ್ಟೆಗೆ ಹೋಗುವ ಗೂಡಿನ ನೂಲಿನಲ್ಲಿ ಈ ನಾಲ್ಕು ನಿಲುಗಡೆಗಳೂ ಸುತ್ತಿಕೊಂಡಿವೆ.

ಅತ್ತೆಯ ಬಾಳೆಲ್ಲ ಇಂಥ ನಿಲುಗಡೆಗಳನ್ನು ಬಲ್ಲದ್ದು. ಸೋಮವಾರ ಆ ಮನೆಯ ಎತ್ತುಗಳ ಹೆಗಲಿಗೆ ನೊಗ ಬೀಳುತ್ತಿರಲಿಲ್ಲ. ಮಳೆ ಬಂದ ಮಾತ್ರಕ್ಕೆ ಹೊಲಕ್ಕಿಳಿಯುವಂತಿಲ್ಲ. ಮಣ್ಣಿಗೆ ಹದ ಬರಬೇಕು. ಮುದ್ದೆಗೂ ಹದ, ಮಾತಿಗೂ ಹದ. ಈ ಎರಡಕ್ಷರದ ಮಾತಿನಲ್ಲಿ ಕಾಲ, ಸಿದ್ಧತೆ, ಮಿತಿ ಮೂರೂ ಅಡಗಿವೆ. ಹದವನ್ನು ನಾವು ಮಾಡಬಲ್ಲೆವು, ನಿಜ. ಆದರೆ ಹೆಚ್ಚಿನ ಪಾಲು ಅದು ತಾನಾಗಿ ಬರುವುದನ್ನು ಕಾಯಬೇಕಾಗುತ್ತದೆ.

ದೇಹಸಾಧನೆಯ ಪರಂಪರೆ ಇದನ್ನು ಅರಿಯದ್ದಲ್ಲ. ಹಠಯೋಗಪ್ರದೀಪಿಕೆ ಯೋಗವನ್ನು ಕೆಡಿಸುವ ಆರು ಸಂಗತಿಗಳಲ್ಲಿ ಪ್ರಯಾಸವನ್ನೂ ಎಣಿಸಿದೆ. ಅಭ್ಯಾಸಕ್ಕೂ ಪ್ರಯಾಸಕ್ಕೂ ಪ್ರಾಸ ಕೂಡಿದರೂ ಸ್ನೇಹ ಕೂಡದು! ನಮ್ಮ ಮೈಸೂರಿನಲ್ಲಿಯೇ, 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸತೊಡಗಿದ ತಿರುಮಲೈ ಕೃಷ್ಣಮಾಚಾರ್ಯರು ಮರುವರ್ಷವೇ ಕನ್ನಡದಲ್ಲಿ ‘ಯೋಗ ಮಕರಂದ’ವನ್ನು ಹೊರತಂದರು. ಅವರ ಶಿಷ್ಯ ಪಟ್ಟಾಭಿ ಜೋಯಿಸರ ಅಭ್ಯಾಸಕ್ರಮ ಬೆವರಿಳಿಸುವಂಥದು. ಆದರೂ ಅಮಾವಾಸ್ಯೆ ಹುಣ್ಣಿಮೆಗಳಂದು ಅಲ್ಲಿ ಅಭ್ಯಾಸವಿಲ್ಲ. ಇನ್ನೊಬ್ಬ ಶಿಷ್ಯ, 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ಯರು ಬಾಲ್ಯದಲ್ಲಿ ರೋಗಪೀಡಿತರು. ರೋಗಿಗಳೂ ವೃದ್ಧರೂ ಆಸನದಲ್ಲಿ ನೋವಿಲ್ಲದೆ ಬಹುಹೊತ್ತು ನಿಲ್ಲಲೆಂದು ಕುರ್ಚಿ, ಹಗ್ಗ, ಕಂಬಳಿಗಳನ್ನು ಅವರು ಸಾಧನವಾಗಿಸಿದರು. ನೋಡಲು ಸುಲಭವಾದ ಶವಾಸನವೇ ಸಾಧಿಸಲು ಕಠಿನವೆಂಬುದು, ಎಷ್ಟೋ ಕಠಿನ ಆಸನಗಳಲ್ಲಿ ನುರಿತ ಆ ಮಹನೀಯರ ಅಭಿಪ್ರಾಯ.

ಇಷ್ಟು ಹೇಳಿ ಬೈರಮಂಗಲವನ್ನು ಋಷ್ಯಾಶ್ರಮವನ್ನಾಗಿ ಚಿತ್ರಿಸಿದರೆ ಸುಳ್ಳಾದೀತು. ಮುಂಜಾವಿನಲ್ಲಿ ಅತ್ತೆಯ ಜಗುಲಿಯ ಮೇಲೆ ಪ್ರಾಣಾಯಾಮಕ್ಕೆ ಕುಳಿತೆ. ಉಸಿರನ್ನು ದೀರ್ಘವಾಗಿ ಎಳೆಯುತ್ತಿದ್ದಂತೆ ಕೆರೆಯ ಕಡೆಯ ಗಾಳಿ ಬೀಸಿತು, ಮೂಗು ಮುಚ್ಚಿಕೊಂಡೆ. ಬೆಂಗಳೂರಿನ ಚರಂಡಿಯನ್ನೂ ಕಾರ್ಖಾನೆಗಳ ಕಲ್ಮಷವನ್ನೂ ಹೊತ್ತು ವೃಷಭಾವತಿ ಬಂದು ಸೇರುವುದು ಆ ಕೆರೆಗೇ. ಕೆರೆಗೂ ಒಂದು ಕಾಲಧರ್ಮವುಂಟು: ಬಂದ ನೀರನ್ನು ನಿಲ್ಲಿಸಿ, ಮಡ್ಡಿಯನ್ನು ತಳಕ್ಕಿಳಿಸಿ, ತಿಳಿಯಾಗಿಸಿ ಮುಂದಕ್ಕೆ ಬಿಡುವುದು. ನಗರ ಅದಕ್ಕೆ ಆ ಬಿಡುವನ್ನೇ ಕೊಡಲಿಲ್ಲ. ನಾನು ಪಾಠ ಹೇಳುವುದು ಆ ನಗರದಲ್ಲಿ. ಅದರಲ್ಲಿ ನನ್ನ ಬಚ್ಚಲ ನೀರಿನ ಪಾಲೂ ಇದೆ. ನನ್ನ ಭುಜಕ್ಕೆ ಮಾಡಿದ್ದನ್ನೇ ನಾವೆಲ್ಲ ಸೇರಿ ಆ ಕೆರೆಗೆ ಮಾಡಿದ್ದೇವೆ. ವ್ಯತ್ಯಾಸವಿಷ್ಟೇ: ಅಲ್ಲಿ ನಿದ್ದೆಗೆಡುವವರು ಬೇರೆಯವರು.

ಊರಿಗೆ ಮರಳಿ ಗೋಡೆಯ ಗೆರೆಗಳನ್ನು ಒರೆಸಿದೆ. ದಿನಕ್ಕೆರಡು ಬಾರಿ ಬೆರಳು ನಡೆಸುತ್ತೇನೆ. ತೋಳು ಸಾಕೆಂದಲ್ಲಿ ನಿಲ್ಲಿಸುತ್ತೇನೆ. ಪ್ರಾಣಾಯಾಮಕ್ಕೂ ಛಂದಸ್ಸಿಗೂ ಅಳತೆ ಒಂದೇ, ಮಾತ್ರೆ. ಗುರುವಿಗೆ ಎರಡು ಮಾತ್ರೆಯ ಕಾಲ ಬೇಕು. ಅವಸರಪಟ್ಟು ಒಂದರಲ್ಲಿ ಮುಗಿಸಿದರೆ ಅದು ಲಘುವಾಗುತ್ತದೆ, ಪದ್ಯ ಕೆಡುತ್ತದೆ. ಇಪ್ಪತ್ತು ವರ್ಷ ಇದನ್ನೇ ಪಾಠ ಹೇಳಿದವನು ನಾನು!

ಈಗಲೂ ಕರಿಹಲಗೆಯ ಮೇಲಿನರ್ಧ ನನಗೆ ಎಟುಕುವುದಿಲ್ಲ. ಎದೆಯ ಮಟ್ಟದಲ್ಲಿ ಪ್ರಸ್ತಾರ ಹಾಕುತ್ತೇನೆ. ಹಿಂದಿನ ಬೆಂಚಿನ ಹುಡುಗರು ಎದ್ದು ನಿಂತು ಬರೆದುಕೊಳ್ಳುತ್ತಾರೆ. ತೋಳು ಜ್ವರಕ್ಕೆ ಕುಳಿತಿದೆ ಎಂದು ಅವರಿಗೆ ಹೇಳಿದ್ದೇನೆ.