ಚುಚ್ಚುಮದ್ದಿನ ದಿನಗಳು

ಹೆಣ್ಣಿನ ಅಂಡಾಶಯದಲ್ಲಿ ಪ್ರತಿ ತಿಂಗಳೂ ಹಲವು ಅಂಡಗಳು ಬೆಳೆಯಲು ಶುರುವಾಗುತ್ತವೆ. ಮಾಗುವುದು ಸಾಮಾನ್ಯವಾಗಿ ಒಂದೇ. ಉಳಿದವು ಅರ್ಧ ದಾರಿಯಲ್ಲೇ ಬತ್ತಿಹೋಗುತ್ತವೆ. ಅಂಡವನ್ನು ಹೊರತೆಗೆದು ಪ್ರಯೋಗಾಲಯದಲ್ಲಿ ಭ್ರೂಣವಾಗಿಸುವ ಐವಿಎಫ್ ಚಿಕಿತ್ಸೆಯ ಚುಚ್ಚುಮದ್ದುಗಳು ಹಾಗೆ ಬತ್ತಬೇಕಿದ್ದ ಅಂಡಗಳನ್ನೂ ಉಳಿಸಿಕೊಂಡು ಒಟ್ಟಿಗೆ ಮಾಗಿಸುತ್ತವೆ. ಆದ್ದರಿಂದ ‘ಇಷ್ಟೊಂದು ಮೊಟ್ಟೆ ತೆಗೆದುಬಿಟ್ಟರೆ ಬೇಗ ಮುಟ್ಟು ನಿಂತುಹೋಗುತ್ತದೇನೋ’ ಎಂಬ ಹೆದರಿಕೆ ಬೇಡ. ಮುಂದಿನ ತಿಂಗಳುಗಳ ಪಾಲಿಗೆ ಈ ಔಷಧಿ ಕೈಹಾಕುವುದಿಲ್ಲ. ಎಚ್ಚರ ವಹಿಸಬೇಕಾದ ಸಂಗತಿ ಬೇರೆಯೇ ಇದೆ. ಅದನ್ನು ಚಿಕಿತ್ಸೆಗೆ ಹೋಗುವ ಹೆಣ್ಣುಮಗಳಿಗೆ ಮೊದಲೇ ಬಿಡಿಸಿ ಹೇಳಿರಬೇಕು. ಎಷ್ಟೋ ಸಲ ಹೇಳಿರುವುದಿಲ್ಲ.

1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡಮ್‌ನಲ್ಲಿ ಹುಟ್ಟಿದ ಲೂಯಿಸ್ ಬ್ರೌನ್ ಜಗತ್ತಿನ ಮೊದಲ ಪ್ರನಾಳ ಶಿಶು. ಆಕೆಯ ತಾಯಿಗೆ ಅಂಡ ಬೆಳೆಸುವ ಔಷಧಿ ಕೊಟ್ಟಿರಲಿಲ್ಲ. ಆ ತಿಂಗಳು ತಾನಾಗಿ ಮಾಗಿದ ಒಂದೇ ಅಂಡವನ್ನು ವೈದ್ಯರು ತೆಗೆದಿದ್ದರು. ಅದೇ ವರ್ಷ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯ ಅವರ ಪ್ರಯತ್ನದಿಂದ ಇನ್ನೊಂದು ಹೆಣ್ಣು ಮಗು ಹುಟ್ಟಿತು. ಅವರು ಹಾರ್ಮೋನು ಚುಚ್ಚಿ ಹಲವು ಅಂಡ ಬೆಳೆಸುವ ದಾರಿ ಹಿಡಿದಿದ್ದರು. ಸರ್ಕಾರ ನೇಮಿಸಿದ ಸಮಿತಿ ಅವರ ಮಾತನ್ನು ನಂಬಲಿಲ್ಲ. 1981ರಲ್ಲಿ ಅವರು ತಾವಾಗಿ ಪ್ರಾಣ ಬಿಟ್ಟರು. ಇಂದು ಐವಿಎಫ್ ಕೇಂದ್ರಗಳು ಹೆಚ್ಚಾಗಿ ನಡೆಯುವುದು ಹಾರ್ಮೋನು ಚುಚ್ಚುವ ಆ ದಾರಿಯಲ್ಲೇ.

ಈ ಹಾರ್ಮೋನುಗಳನ್ನು ಮಾತ್ರೆಯಾಗಿ ಕೊಡಲಾಗದು. ಅವು ಪ್ರೋಟೀನುಗಳು; ನುಂಗಿದರೆ ಹೊಟ್ಟೆಯಲ್ಲೇ ಜೀರ್ಣವಾಗಿಬಿಡುತ್ತವೆ. ಹಾಗಾಗಿ ಸೂಜಿಯೇ ಗತಿ. ಆರಂಭದ ಕಾಲದಲ್ಲಿ ಮುಟ್ಟು ನಿಂತ ಇಟಲಿಯ ಕ್ರೈಸ್ತ ಸಂನ್ಯಾಸಿನಿಯರ ಮೂತ್ರವನ್ನು ಸಂಗ್ರಹಿಸಿ, ಅದರಿಂದ ಈ ಔಷಧಿ ತೆಗೆಯುತ್ತಿದ್ದರು. ಮೂತ್ರದಿಂದ ಶುದ್ಧೀಕರಿಸಿದ ಬಗೆ ಇಂದಿಗೂ ಬಳಕೆಯಲ್ಲಿದೆ. ಅದರ ಜೊತೆಗೆ ಪ್ರಯೋಗಾಲಯದಲ್ಲಿ ತಯಾರಾದ, ಪೆನ್ನಿನ ಆಕಾರದ ಸಾಧನದಲ್ಲಿ ತುಂಬಿದ ಬಗೆಯೂ ಸಿಗುತ್ತದೆ.

ಮುಟ್ಟಿನ ಎರಡನೆಯ ಅಥವಾ ಮೂರನೆಯ ದಿನ ಶುರುವಾಗುವ ಈ ಇಂಜೆಕ್ಷನ್ನುಗಳು 8ರಿಂದ 12 ದಿನ ನಡೆಯುತ್ತವೆ. ಹೊಕ್ಕುಳಿನಿಂದ ಎರಡು ಬೆರಳು ದೂರದಲ್ಲಿ ಚರ್ಮವನ್ನು ಮಡಿಸಿ ಹಿಡಿದು ಚುಚ್ಚುತ್ತಾರೆ. ಸೂಜಿ ತೆಳು, ನೋವು ಕ್ಷಣದ್ದು. ಆದರೆ ದಿನವೂ ಚುಚ್ಚಿದ ಮೇಲೆ ಅಲ್ಲಲ್ಲಿ ನೀಲಿ ಕಲೆ ಉಳಿಯುತ್ತದೆ. ದಿನಕ್ಕೊಂದು ಕಡೆ ಬದಲಿಸಿದರೆ ಆ ಜಾಗ ಗಟ್ಟಿಕಟ್ಟುವುದಿಲ್ಲ. ಅಂಡ ಅವಧಿಗೆ ಮುಂಚೆ ಬಿಡುಗಡೆಯಾಗದಂತೆ ನಡುವೆ ಕೊಡುವ ಸೆಟ್ರೊರೆಲಿಕ್ಸ್ ಎಂಬ ಔಷಧಿ ಹಲವರಿಗೆ ಚುಚ್ಚಿದ ಜಾಗದಲ್ಲಿ ಕೆಂಪು ದದ್ದು, ತುರಿಕೆ ತರುತ್ತದೆ. ಅದು ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತದೆ. ಮೈಯೆಲ್ಲ ದದ್ದೆದ್ದರೆ, ಮುಖ ಊದಿದರೆ, ಉಸಿರು ಹಿಡಿದಂತಾದರೆ ಮಾತ್ರ ಅದು ಅಲರ್ಜಿ. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಐದಾರು ದಿನ ಕಳೆಯುವಷ್ಟರಲ್ಲಿ ಹೊಟ್ಟೆ ಉಬ್ಬರ ಶುರುವಾಗುತ್ತದೆ. ಚೂಡಿದಾರದ ಲಾಡಿ ಬಿಗಿಯಾಗಿ ಸೊಂಟದಲ್ಲಿ ಗೀರು ಮೂಡುತ್ತದೆ. ಇದು ತಿಂದದ್ದರಿಂದ ಬಂದ ಉಬ್ಬರವಲ್ಲ. ಸುಮಾರು 3 ಸೆಂಟಿಮೀಟರ್ ಉದ್ದದ ಅಂಡಾಶಯದಲ್ಲಿ, ತಲಾ 18 ಮಿಲಿಮೀಟರಿನಷ್ಟು ಅಗಲದ ಹತ್ತು ಹನ್ನೆರಡು ಅಂಡಚೀಲಗಳು, ಅಂದರೆ ಫಾಲಿಕಲ್‌ಗಳು ನೀರು ತುಂಬಿಕೊಂಡು ಬೆಳೆದರೆ ಜಾಗ ಸಾಲುವುದೆಲ್ಲಿ? ಹೀಗೆ ಭಾರವಾದ ಅಂಡಾಶಯ ಅಪರೂಪಕ್ಕೆ ತನ್ನ ಬುಡದಲ್ಲೇ ತಿರುಚಿಕೊಳ್ಳುವುದುಂಟು. ಹೊಟ್ಟೆಯ ಒಂದು ಬದಿಯಲ್ಲಿ ಇದ್ದಕ್ಕಿದ್ದಂತೆ ಕಿತ್ತುಬರುವ ನೋವು, ಜೊತೆಗೆ ವಾಂತಿ ಬಂದರೆ ಬೆಳಗಾಗಲಿ ಎಂದು ಕಾಯಬಾರದು. ತಡವಾದರೆ ಅಂಡಾಶಯವನ್ನೇ ಕಳೆದುಕೊಳ್ಳಬೇಕಾದೀತು. ಈ ದಿನಗಳಲ್ಲಿ ಓಟ, ಜಿಗಿತ, ಭಾರ ಎತ್ತುವುದು ಬೇಡ ಎನ್ನುವುದು ಇದಕ್ಕೇ. ನಡೆದಾಡಲು ಅಡ್ಡಿಯಿಲ್ಲ.

ತಲೆನೋವು, ಸುಸ್ತು, ಕಾರಣವಿಲ್ಲದೆ ಕಣ್ಣು ತುಂಬಿಬರುವುದು ಸಾಮಾನ್ಯ. ಕೆಲವರಿಗೆ ಮೊದಲು ದೇಹದ ಸ್ವಂತ ಹಾರ್ಮೋನುಗಳನ್ನು ತಡೆಯಲು ಲ್ಯೂಪ್ರೊಲೈಡ್‌ನಂಥ ಔಷಧಿ ಕೊಡುತ್ತಾರೆ. ಆಗ ಮುಟ್ಟು ನಿಲ್ಲುವ ವಯಸ್ಸಿನವರಿಗೆ ಆಗುವಂತೆ ಮೈ ಧಗೆ ಏಳುತ್ತದೆ, ರಾತ್ರಿ ಬೆವರುತ್ತದೆ. ‘ಮನಸ್ಸು ಗಟ್ಟಿ ಮಾಡ್ಕೋಮ್ಮ’ ಎಂದು ಅತ್ತೆಯೋ ಅಮ್ಮನೋ ಒಳ್ಳೆಯ ಮಾತೇ ಹೇಳುತ್ತಾರೆ. ಆದರೆ ಹಾರ್ಮೋನಿನ ಏರಿಳಿತದ ಮೇಲೆ ಮನಸ್ಸಿನ ಗಟ್ಟಿತನ ನಡೆಯದು. ಇಲ್ಲಿ ಒಂದು ಮಾತು ಹೇಳಲೇಬೇಕು. ಕೊರತೆ ಗಂಡನ ವೀರ್ಯಾಣುಗಳ ಸಂಖ್ಯೆಯಲ್ಲಿದ್ದಾಗಲೂ ಈ ಸೂಜಿಗಳೆಲ್ಲ ಚುಚ್ಚುವುದು ಹೆಂಡತಿಯ ಹೊಟ್ಟೆಗೇ. ಮನೆಯವರು ಇದನ್ನು ತಿಳಿದಿದ್ದರೆ ಆಕೆಯ ಪಾಡು ಎಷ್ಟೋ ಹಗುರಾಗುತ್ತದೆ.

ಫಾಲಿಕಲ್‌ಗಳು ಬೆಳೆದ ಮೇಲೆ ಕೊಡುವುದು ಅಂಡವನ್ನು ಕೊನೆಯ ಹಂತಕ್ಕೆ ಮಾಗಿಸುವ ಟ್ರಿಗರ್ ಇಂಜೆಕ್ಷನ್. ಅದಾದ 34ರಿಂದ 36 ಗಂಟೆಗೆ ಅಂಡ ತೆಗೆಯಬೇಕಾದ್ದರಿಂದ ವೈದ್ಯರು ಗಡಿಯಾರ ನೋಡಿ ಹೊತ್ತು ಗೊತ್ತುಮಾಡುತ್ತಾರೆ. ಟ್ರಿಗರ್‌ಗೆ ಬಹುಕಾಲದಿಂದ ಬಳಸುತ್ತಿರುವುದು ಎಚ್‌ಸಿಜಿ, ಅಂದರೆ ಬಸಿರಿನಲ್ಲಿ ದೇಹ ತಾನೇ ತಯಾರಿಸುವ ಹಾರ್ಮೋನು. ನಾವು ಹೆಚ್ಚು ಗಮನ ಕೊಡಬೇಕಾದ ಅಪಾಯ ಇರುವುದು ಇಲ್ಲಿ. ಎಚ್‌ಸಿಜಿ ಹಲವು ದಿನ ರಕ್ತದಲ್ಲಿ ಉಳಿಯುತ್ತದೆ. ಊದಿಕೊಂಡ ಅಂಡಾಶಯ ಅದರ ಪ್ರಭಾವದಲ್ಲಿ ರಕ್ತನಾಳಗಳ ಗೋಡೆಯನ್ನು ಸಡಿಲಿಸುವ ರಾಸಾಯನಿಕವನ್ನು ಹೊರಬಿಡುತ್ತದೆ. ಆಗ ಹೊಸ ಮಡಕೆಯಿಂದ ನೀರು ಜಿನುಗುವ ಹಾಗೆ ರಕ್ತದ ನೀರಿನಂಶ ನಾಳದಿಂದ ಜಿನುಗಿ ಹೊಟ್ಟೆಯಲ್ಲಿ ತುಂಬುತ್ತದೆ. ಕೆಲವೊಮ್ಮೆ ಶ್ವಾಸಕೋಶದ ಸುತ್ತಲೂ ಸೇರುತ್ತದೆ. ಹೊಟ್ಟೆಯೊಳಗೆ ನೀರು ತುಂಬಿದ್ದರೂ ನಾಳದೊಳಗಿನ ರಕ್ತ ಮಂದವಾಗುತ್ತದೆ. ಮೂತ್ರ ಕಡಿಮೆಯಾಗುತ್ತದೆ, ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆ. ವೈದ್ಯರು ಇದನ್ನು ಓವೇರಿಯನ್ ಹೈಪರ್‌ಸ್ಟಿಮ್ಯುಲೇಷನ್ ಸಿಂಡ್ರೋಮ್, ಚಿಕ್ಕದಾಗಿ ಓಎಚ್‌ಎಸ್‌ಎಸ್ ಎನ್ನುತ್ತಾರೆ.

ಸೌಮ್ಯ ರೂಪದಲ್ಲಿ ಇದು ಮೂರು ಚಿಕಿತ್ಸೆಗಳಲ್ಲಿ ಒಂದರವರೆಗೂ ಕಾಣಿಸಬಹುದು, ವಿಶ್ರಾಂತಿಯಿಂದ ಇಳಿಯುತ್ತದೆ. ಜೀವಕ್ಕೆ ಆತಂಕ ತರುವಷ್ಟು ತೀವ್ರವಾಗುವುದು ನೂರಕ್ಕೆ ಒಬ್ಬರ ಆಸುಪಾಸು. ಅಂಡಾಶಯದಲ್ಲಿ ಸಣ್ಣ ನೀರುಗುಳ್ಳೆಗಳು ತುಂಬುವ ಪಿಸಿಓಡಿ ಇರುವವರು, ಚಿಕ್ಕ ವಯಸ್ಸಿನವರು, ಅಂಡಗಳ ದಾಸ್ತಾನು ಅಂದಾಜಿಸುವ ಎಎಮ್‌ಎಚ್ ಪರೀಕ್ಷೆಯಲ್ಲಿ ಅಂಕಿ ಹೆಚ್ಚು ಬಂದವರು, ಹಿಂದೆ ಒಮ್ಮೆ ಇದು ಬಂದವರು ಹೆಚ್ಚು ಎಚ್ಚರದಿಂದಿರಬೇಕು. ಟ್ರಿಗರ್ ಆದ ವಾರದೊಳಗೆ ಕಾಣಿಸಿಕೊಂಡದ್ದು ಬಸಿರು ನಿಲ್ಲದಿದ್ದರೆ ಮುಟ್ಟಿನ ಹೊತ್ತಿಗೆ ಇಳಿಯುತ್ತದೆ. ಬಸಿರು ನಿಂತರೆ ದೇಹದ ಸ್ವಂತ ಎಚ್‌ಸಿಜಿ ಅದನ್ನು ಮತ್ತೆ ಕೆರಳಿಸಬಹುದು. ಅಂದರೆ ಸಿಹಿ ಸುದ್ದಿ ಬಂದ ವಾರವೇ ಹೊಟ್ಟೆ ಊದಿಕೊಂಡೀತು.

ಮನೆಯಲ್ಲೇ ಕಂಡುಕೊಳ್ಳುವ ಬಗೆ ಸುಲಭ. ದಿನಾ ಬೆಳಗ್ಗೆ ತಿಂಡಿಗೆ ಮುಂಚೆ ಒಂದೇ ತಕ್ಕಡಿಯಲ್ಲಿ ತೂಕ ನೋಡಬೇಕು. ಟೇಲರ್ ಟೇಪಿನಲ್ಲಿ ಹೊಕ್ಕುಳ ಸುತ್ತಳತೆ ಅಳೆದು ಬರೆದಿಡಬೇಕು. ಒಂದೇ ದಿನದಲ್ಲಿ 1 ಕಿಲೋಗಿಂತ ಹೆಚ್ಚು ಏರಿದರೆ, ಮೂತ್ರ ಕಡಿಮೆಯಾಗಿ ಗಾಢವಾದರೆ, ಕುಡಿದ ನೀರೂ ವಾಂತಿಯಾದರೆ, ಮಲಗಿದಾಗ ಉಸಿರು ಕಟ್ಟಿದರೆ, ಒಂದು ಕಾಲಿನ ಮೀನಖಂಡ ಊದಿ ನೋಯತೊಡಗಿದರೆ ಆಗಲೇ ವೈದ್ಯರಿಗೆ ಫೋನ್ ಮಾಡಬೇಕು. ನೋವಿಗೆ ಪ್ಯಾರಸಿಟಮಾಲ್ ಆದೀತು. ಐಬುಪ್ರೊಫೆನ್ ಜಾತಿಯ ಮಾತ್ರೆ ಮೂತ್ರಪಿಂಡಕ್ಕೆ ಹೊರೆ, ಬೇಡ. ಹೊಟ್ಟೆಯ ನೀರಿಳಿಯಲಿ ಎಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವುದು ಇನ್ನೂ ಅಪಾಯ.

ಇದನ್ನು ತಡೆಯುವ ದಾರಿಗಳು ಈಗ ಇವೆ. ಅಪಾಯ ಕಂಡವರಿಗೆ ಎಚ್‌ಸಿಜಿ ಬದಲು ಲ್ಯೂಪ್ರೊಲೈಡ್ ಅಥವಾ ಟ್ರಿಪ್ಟೊರೆಲಿನ್‌ನಿಂದ ಟ್ರಿಗರ್ ಕೊಡಬಹುದು. ಅದರ ಪ್ರಭಾವ ಬೇಗ ಇಳಿಯುತ್ತದೆ. ಭ್ರೂಣಗಳನ್ನೆಲ್ಲ ಶೀತಲೀಕರಿಸಿಟ್ಟು, ಅಂಡಾಶಯ ತಣ್ಣಗಾದ ಮೇಲೆ ಮುಂದಿನ ತಿಂಗಳುಗಳಲ್ಲಿ ಗರ್ಭಕೋಶಕ್ಕೆ ಸೇರಿಸಬಹುದು. ‘ಈ ಸಲ ಬೇಡ, ಕಾಯೋಣ’ ಎಂದಾಗ ದಂಪತಿ ಕುಸಿದುಹೋಗುತ್ತಾರೆ. ಆದರೆ ಹಾಗೆ ಹೇಳುವ ವೈದ್ಯರು ಭ್ರೂಣದಷ್ಟೇ ತಾಯಿಯನ್ನೂ ಲೆಕ್ಕಕ್ಕೆ ಹಿಡಿದವರು.

ಭ್ರೂಣ ಸೇರಿಸುವ ಹಂತದಲ್ಲಿ ಕೊಡುವುದು ಗರ್ಭಕೋಶದ ಒಳಪದರವನ್ನು ಸಿದ್ಧವಾಗಿಡುವ ಪ್ರೊಜೆಸ್ಟರಾನ್ ಹಾರ್ಮೋನು. ಎಣ್ಣೆಯಲ್ಲಿ ಕರಗಿಸಿದ ಇದನ್ನು ಸೊಂಟದ ಕೆಳಗೆ ಮಾಂಸಖಂಡಕ್ಕೆ ಕೊಟ್ಟಾಗ ಗಂಟುಕಟ್ಟಿ ನೋಯುತ್ತದೆ. ಇದು ತರುವ ಎದೆಬಿಗಿತ, ತೂಕಡಿಕೆ, ಉಬ್ಬರವು ಬಸಿರಿನ ಲಕ್ಷಣವೂ ಹೌದು, ಮುಟ್ಟಿನ ಮುನ್ಸೂಚನೆಯೂ ಹೌದು. ಅದನ್ನು ಹಿಡಿದು ಕನಸು ಕಟ್ಟುವುದೂ ಬೇಡ, ಎದೆಗುಂದುವುದೂ ಬೇಡ. ಎಚ್‌ಸಿಜಿ ಟ್ರಿಗರ್ ಆದ ಹತ್ತು ಹದಿನಾಲ್ಕು ದಿನದೊಳಗೆ ಮನೆಯಲ್ಲೇ ಕಿಟ್‌ನಿಂದ ಪರೀಕ್ಷೆ ಮಾಡಿದರೆ ಇಲ್ಲದ ಬಸಿರೂ ಎರಡು ಗೆರೆ ತೋರಿಸೀತು.

ಅಂಡ ದಾನ ಮಾಡುವ ಹೆಣ್ಣುಮಕ್ಕಳೂ ಇದೇ ಸೂಜಿಗಳನ್ನು, ಇದೇ ಅಪಾಯವನ್ನು ಹೊರುತ್ತಾರೆ. 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ದಾನಿಯ ವಯಸ್ಸು 23ರಿಂದ 35ರೊಳಗಿರಬೇಕು, ಜೀವಮಾನದಲ್ಲಿ ಒಮ್ಮೆ ಮಾತ್ರ ದಾನ ಮಾಡಬಹುದು, 7ಕ್ಕಿಂತ ಹೆಚ್ಚು ಅಂಡ ತೆಗೆಯುವಂತಿಲ್ಲ. ಚಿಕಿತ್ಸೆಗೆ ಬಂದ ದಂಪತಿಗೆ ಅಡ್ಡಪರಿಣಾಮ, ಅಪಾಯ, ವೆಚ್ಚಗಳನ್ನು ವಿವರಿಸುವುದು ಕೇಂದ್ರದ ಹೊಣೆ ಎಂದೂ ಅದೇ ಕಾಯ್ದೆ ಹೇಳುತ್ತದೆ. ಕೇಳಿ ತಿಳಿದುಕೊಳ್ಳಲು ಸಂಕೋಚ ಬೇಡ.

ದೂರದ ಊರಿನಿಂದ ಬೆಂಗಳೂರಿಗೋ ಹುಬ್ಬಳ್ಳಿಗೋ ಬಂದು ಚಿಕಿತ್ಸೆ ಪಡೆಯುವವರಿಗೆ ಇನ್ನೊಂದು ಮಾತು. ಓಎಚ್‌ಎಸ್‌ಎಸ್ ತಲೆ ಎತ್ತುವುದು ಅಂಡ ತೆಗೆಸಿಕೊಂಡು ಊರಿಗೆ ಮರಳಿದ ಮೇಲೆಯೇ ಹೆಚ್ಚು. ರಾತ್ರಿ ಹೊತ್ತು ತಾಲ್ಲೂಕು ಆಸ್ಪತ್ರೆಗೆ ಓಡಬೇಕಾಗಿ ಬಂದರೆ ಅಲ್ಲಿನ ಡ್ಯೂಟಿ ಡಾಕ್ಟರಿಗೆ ಇದು ಗ್ಯಾಸ್ಟ್ರಿಕ್ ಎನಿಸಬಹುದು. ‘ಯಾರಿಗೂ ಗೊತ್ತಾಗಬಾರದು’ ಎಂಬ ಮುಚ್ಚುಮರೆಯಿಂದ ಮನೆಯವರು ಅಲ್ಲಿಯೂ ಐವಿಎಫ್ ವಿಷಯ ಬಾಯಿಬಿಡುವುದಿಲ್ಲ. ಇದು ಜೀವಕ್ಕೇ ಎರವಾಗಬಹುದು. ಕೊಟ್ಟ ಔಷಧಿಗಳ ಹೆಸರು, ಟ್ರಿಗರ್ ಯಾವುದು, ಕೊಟ್ಟ ದಿನ ಮತ್ತು ಹೊತ್ತು, ತೆಗೆದ ಅಂಡಗಳ ಸಂಖ್ಯೆ, ರಾತ್ರಿಯೂ ಫೋನ್ ಎತ್ತುವವರ ನಂಬರು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆಸಿಕೊಂಡು ಊರಿಗೆ ಹೊರಡಿ. ಆಸ್ಪತ್ರೆಯ ಮೆಟ್ಟಿಲು ಹತ್ತಿದ ಕೂಡಲೇ ಮೊದಲು ಅದನ್ನು ತೋರಿಸಿ.